ಕೇಬಲ್ ಮೇಲೆ ಬೊಂಬಿಲು

...ಸ್ಪೀಕರಿನ ಕೇಬಲ್ ನೆಲಕ್ಕೆ ತಾಗಿದರೆ ಹಾಡು ಮಂಕಾಗುತ್ತದೆ ಎಂದೇನೋ ಅಂದಿದ್ದ ಅಂಕೋಲೆಯ ಗೆಳೆಯ. ಹಾಗಾಗಿ ಸ್ನೇಹಿತರೇ, ಕಾರವಾರದ ನಮ್ಮ ಪಡಸಾಲೆಯಲ್ಲಿ ಇಂದು ಅದನ್ನು ಕಿಟಕಿಯ ಎತ್ತರಕ್ಕೆ ಎಳೆದು ಕಟ್ಟಿದೆ.

"ಫರಕ ಕೇಳದಿದ್ರೆ ಸ್ಪೀಕರ್ ಸಮೇತ ಎಲ್ಲ ಅಟ್ಟಕ್ಕೆ," ಅಂದಳು ಹೆಂಡತಿ.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಹಾರವಾಡದಿಂದ ಬಂದಿದ್ದ ಅತ್ತೆ ಕೇಬಲ್ಲಿನುದ್ದಕ್ಕೂ ಹಸಿ ಬೊಂಬಿಲು ಮೀನುಗಳನ್ನು ಜೋಡಿ ಜೋಡಿಯಾಗಿ ಬಾಯಿಗೆ ಬಾಯಿ ಸಿಕ್ಕಿಸಿ ಒಣಗಲು ಹಾಕಿಬಿಟ್ಟಿದ್ದರು.

"ಒಳಗೇ ಹಗ್ಗ ಕಟ್ಟಿದ್ದು ಚಲೋ ಆಯ್ತು ಅಳಿಯಾ. ಹೊರಗೆ ಬೆಕ್ಕಿನ ಕಾಟ."

ಹಾಡು ಹಚ್ಚಿದೆ. ಫ್ಯಾನಿನ ಗಾಳಿಗೆ ಮೀನುಗಳೂ ತೂಗಿದವು. ಹೆಂಡತಿ ಕಣ್ಣು ಮುಚ್ಚಿ ಕೇಳಿದಳು.

"ಹೌದ್ರಾ, ಫರಕ ಅದೆ!"

ನಾನು ಕುಣಿಯುವುದೊಂದು ಬಾಕಿ.

ಅಂಕೋಲೆಯ ಗೆಳೆಯಾ, ನಿಜ ಹೇಳು: ಬೊಂಬಿಲು ಒಣಗಿ ಡಬ್ಬಿ ಸೇರಿದ ಮೇಲೂ ಇದೇ ನಾದ ಉಳಿದೀತೇ?