ವಾಡಿಯಿಂದ ಚಿಂಚೋಳಿಗೆ ಒಂದು ಕಿವಿಯ ದೂರ

ಬೆಳಿಗ್ಗೆ ಎಂಟರ ಸುಮಾರಿಗೆ ವಾಡಿ ಜಂಕ್ಷನ್ನಿನ ಟಿಕೆಟ್ ಕಿಟಕಿಯ ಮುಂದೆ ನಿಂತು, ಸೇಡಂಗೆ ಒಂದು ಪೂರ್ತಿ, ಮೂರು ಅರ್ಧ ಟಿಕೆಟ್ ಕೇಳಿದೆ. ಒಳಗಿದ್ದವರು ಬಗ್ಗಿ, ನನ್ನ ಜೊತೆಗಿದ್ದ ಮೂವರು ಮಕ್ಕಳಲ್ಲಿ ಪಾಪ್ಯಾನನ್ನು ನೋಡಿದರು. "ಆ ಸಣ್ಣವಗ್ಯಾಕ್ರಿ ಟಿಕೆಟ್? ಐದು ತುಂಬಿದಂಗ ಕಾಣಂಗಿಲ್ಲ. ಹಂಗೇ ಕರ್ಕೊಂಡು ಹೋಗ್ರಿ" ಎಂದರು.

"ಆರು ತುಂಬ್ಯಾವ್ರಿ ಅಂವಗ!" ಎಂದು ಅವನ ಅಕ್ಕ ರೇಣುಕಾ ಕಿಟಕಿಯ ಸರಳು ಹಿಡಿದು ಕೂಗಿದಳು. "ಟಿಕೆಟ್ ಕೊಡ್ರಿ ಸುಮ್ಮ!"

ಟಿಕೆಟ್ ತಪ್ಪಿಸಲು ಮಗುವಿನ ವಯಸ್ಸು ಇಳಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಏರಿಸಿ, ಜಗಳ ಮಾಡಿ ಟಿಕೆಟ್ ತೆಗೆಸಿದವರು ಬಹುಶಃ ನಾವೇ ಮೊದಲಿಗರು. ಕಾರಣವಿತ್ತು, ಹೇಳುತ್ತೇನೆ.

ವಾಡಿಯ ಗೂಡ್ಸ್ ಶೆಡ್ಡಿನ ಹಿಂದಿನ ಕೋಣೆಯೊಂದರಲ್ಲಿ ನಾನು ಒಂದು ವರ್ಷದಿಂದ ಪ್ಲಾಟ್‌ಫಾರಂ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಬಿಟ್ಟುಹೋದ ನಾಲ್ಕೈದು ವರ್ಷಗಳ ಪಾಠವನ್ನು ಒಂದೇ ವರ್ಷದಲ್ಲಿ ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ದಾಟಿಸುವ ಶಾಲೆ ಅದು. ಬಾರಿಸಲು ಗಂಟೆ ಇರಲಿಲ್ಲ. ಗಾಡಿ ಬಂದರೆ ಬಿಡುವು, ಹೋದರೆ ಪಾಠ. ಭಾಗಾಕಾರ ಎಂದರೆ ಮುಖ ತಿರುಗಿಸುವ ಗೌಸ್, ಕೈಗೆ ರೇಲ್ವೆ ಟೈಮ್‌ಟೇಬಲ್ ಕೊಟ್ಟರೆ ಯಾವ ಗಾಡಿ ತಾಸಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ. ಆ ವರ್ಷ ಗೌಸ್ ಮತ್ತು ರೇಣುಕಾ ಇಬ್ಬರೂ ಪರೀಕ್ಷೆ ಪಾಸಾಗಿ, ಚಿಂಚೋಳಿಯಲ್ಲಿ ಇಂಥ ಮಕ್ಕಳಿಗಾಗಿಯೇ ಇದ್ದ ವಸತಿ ಶಾಲೆಯ ಆರನೆಯ ತರಗತಿಗೆ ಆಯ್ಕೆಯಾಗಿದ್ದರು. ಅವರನ್ನು ಅಲ್ಲಿ ಬಿಟ್ಟುಬರಲೆಂದು ನಾನು ಹೊರಟಿದ್ದೆ.

ತೊಡಕು ಇದ್ದದ್ದು ಪಾಪ್ಯಾನದು. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದ ತಾಯಿ ತೀರಿಕೊಂಡ ಮೇಲೆ ರೇಣುಕಾ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ವಾಡಿಗೆ ಬಂದಿದ್ದಳು. ಬೋಗಿ ಗುಡಿಸಿ ಸಾಕಿದ್ದಳು. ಚಿಂಚೋಳಿಯವರು ಆರು ತುಂಬದ ಮಕ್ಕಳನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಹುಟ್ಟಿದ ದಾಖಲೆ ಇಲ್ಲದವರಿಗೆ ಅಲ್ಲಿಯೂ ನಮ್ಮ ಹಳೆಯ ಅಳತೆಯೇ: ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಪಾಪ್ಯಾನ ಕೈ ಕಿವಿಗೆ ಎರಡು ಬೆರಳು ದೂರದಲ್ಲೇ ನಿಂತುಬಿಡುತ್ತಿತ್ತು. ಅವನಿಗೆ ಆರು ತುಂಬಿಲ್ಲ ಎಂದು ಯಾರಾದರೂ ಅಂದರೆ ರೇಣುಕಾ ಜಗಳಕ್ಕೆ ನಿಲ್ಲುತ್ತಿದ್ದದ್ದು ಅದಕ್ಕೇ.

"ಅಂವ ಇದ್ರ ನಾ ಇರ್ತೀನ್ರಿ ಟೀಚರ್. ಇಲ್ಲಂದ್ರ ಇಬ್ರೂ ತಿರುಗಿ ವಾಡಿಗೇ" ಎಂದಿದ್ದಳು ರೇಣುಕಾ. ತಿರುಗಿ ವಾಡಿಗೆ ಎಂದರೆ ತಿರುಗಿ ಕಸಬರಿಗೆ ಹಿಡಿದು ಬೋಗಿ ಗುಡಿಸುವುದು. ನಾಲ್ಕು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಪ್ಯಾಸೆಂಜರ್ ಗಾಡಿ ಅರ್ಧ ತಾಸು ತಡವಾಗಿ ಹೊರಟಿತು. ದೂರದಲ್ಲಿ ಟಿ.ಸಿ.ಯ ಕರಿ ಕೋಟು ಕಂಡದ್ದೇ ತಡ, ಗೌಸ್ ಸೀಟಿನ ಕೆಳಗೆ ಮಾಯವಾದ. "ಲೇ, ಟಿಕೆಟ್ ಅದನೋ, ಹೊರಗ ಬಾರೋ!" ಎಂದು ಕಾಲು ಹಿಡಿದು ಎಳೆಯಬೇಕಾಯಿತು. ಆಮೇಲೆ ಟಿಕೆಟ್ ತೋರಿಸುವ ರುಚಿ ಹತ್ತಿ, ಟಿ.ಸಿ. ಮುಂದಿನ ಬೋಗಿಗೆ ಹೋದರೂ ಬೆನ್ನು ಹತ್ತಿ ಹೋಗಿ ಮತ್ತೊಮ್ಮೆ ತೋರಿಸಿ ಬಂದ.

ಚಿತ್ತಾಪುರದಲ್ಲಿ ಬಿಸಿ ಮಿರ್ಚಿ ಭಜಿ ಕೊಂಡೆವು. ಅಲ್ಲಿ ಒಮ್ಮೆ ಕೈ ಅಳೆದೆವು, ಎರಡು ಬೆರಳು. ಮುಂದಿನ ನಿಲ್ದಾಣದಲ್ಲಿ ಮತ್ತೆ ಅಳೆದೆವು, ಎರಡೇ ಬೆರಳು. ನಾನೂ ಅಳೆದೆ ಎನ್ನಲು ನಾಚಿಕೆ, ಆದರೆ ಆಸೆ ಕೇಳಬೇಕಲ್ಲ! ಆದಿತ್ಯನಗರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹತ್ತಿದ್ದ ಹಿರಿಯ ಕಾರ್ಮಿಕರೊಬ್ಬರು ಎದುರಿಗೆ ಕೂತು ಈ ಸರ್ಕಸ್ ನೋಡುತ್ತಿದ್ದರು. ಕೊನೆಗೆ ತಾಳಲಾರದೆ, "ಮೇಡಂ, ಹುಡುಗನ ಕೈ ಗಿಡ್ಡ ಇಲ್ರಿ. ತಲಿಮ್ಯಾಲಿನ ಗುಡ್ಡ ದೊಡ್ಡದದ" ಎಂದು, ಪಾಪ್ಯಾನ ಗಂಟುಗಟ್ಟಿದ ಕೂದಲನ್ನು ಅಂಗೈಯಿಂದ ಒತ್ತಿ ಹಿಡಿದರು. ಬೆರಳ ತುದಿ ಕಿವಿಗೆ ತಾಗಿಯೂ ತಾಗದಂತೆ ಬಂತು. ನಾನು ಹಣೆ ಚಚ್ಚಿಕೊಂಡೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಇಷ್ಟು ಹೊಳೆಯಲಿಲ್ಲವಲ್ಲ!

"ನಡಿ, ಸೇಡಂದಾಗ ಇಳಿದ ಕೂಡಲೇ ಕಟಿಂಗ್" ಎಂದೆ.

ರೇಣುಕಾ ತಮ್ಮನ ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಬ್ಯಾಡ್ರಿ ಟೀಚರ್. ಅಂವಂದು ಜವಳ ಆಗಿಲ್ಲ. ಮೊದಲ ಕೂದ್ಲ ಸೋದರಮಾವನ ಕೈಲೇ ತೆಗಸಬೇಕಂತ ನಮ್ಮವ್ವ ಹೇಳಿ ಹ್ವಾದಳ್ರಿ."

"ಮಾವ ಎಲ್ಲಿದ್ದಾನ?"

"ಇಲ್ರಿ. ನಮ್ಮವ್ವ ಒಬ್ಬಾಕಿನೇ ಮಗಳು."

"ನಾ ಆಗ್ತೀನ್ ಬಿಡ ಮಾವ" ಎಂದ ಗೌಸ್. ಅವನ ಬೆನ್ನಿಗೆ ರೇಣುಕಾಳ ಏಟು ಬಿತ್ತು. ಆ ತಾಯಿ ಮಕ್ಕಳಿಗೆ ಬಿಟ್ಟುಹೋದದ್ದು ಆ ಒಂದು ಮಾತು. ಅದನ್ನು ಮುರಿ ಎಂದು ನಾನು ಯಾವ ಬಾಯಿಂದ ಹೇಳಲಿ?

ಸೇಡಂನಲ್ಲಿ ನನ್ನ ಅಣ್ಣ ಗುರಣ್ಣನ ಮನೆ. ಚಿಂಚೋಳಿ ಬಸ್ಸಿಗೆ ಎರಡು ಗಂಟೆಯವರೆಗೆ ಸಮಯವಿತ್ತು. ಅಣ್ಣ ಕಚೇರಿಯಿಂದ ನಿವೃತ್ತನಾಗಿ, ಓಣಿಯ ಹನುಮಪ್ಪನ ಗುಡಿಯ ಪೂಜೆ ನೋಡಿಕೊಂಡಿದ್ದ. ಎಲ್ಲಕ್ಕೂ ವಿಧಿ, ಎಲ್ಲಕ್ಕೂ ವೇಳೆ ಎನ್ನುವ ಮನುಷ್ಯ. ನನ್ನ ಕೆಲಸದ ಬಗ್ಗೆ ಅವನಿಗೆ ಒಂದೇ ಪ್ರಶ್ನೆ, ವರ್ಷವಿಡೀ ಕೇಳಿದ್ದ, ಅವತ್ತೂ ಬಾಗಿಲಲ್ಲೇ ಕೇಳಿದ. "ಏನವಾ ಸುಧಾ, ಸೇಡಂದಾಗ ಶಾಲಿ ಇಲ್ಲೇನು? ವಾಡಿ ಪ್ಲಾಟ್‌ಫಾರಮೇ ಬೇಕೇನು ನಿನಗ?"

ಅವನ ಹೆಂಡತಿ, ನನ್ನ ವೈನಿ, ಮಾತ್ರ "ಮೊದಲ ಒಳಗ ಬರ್ರಿ, ಕುಂದ್ರಿ" ಎಂದು ಎಲ್ಲರಿಗೂ ಸುಸಲಾ ಹಾಕಿಕೊಟ್ಟರು. ಚುರುಮುರಿ, ಒಗ್ಗರಣೆ, ಮೇಲೆ ಹುರಿಗಡಲೆಯ ಪುಠಾಣಿ ಪುಡಿ. ಗೌಸ್ ಮೂರು ತಟ್ಟೆ ತಿಂದ. ರೇಣುಕಾ ಮಾತ್ರ ತಟ್ಟೆ ಮುಟ್ಟದೆ ಅಣ್ಣನನ್ನೇ ನೋಡುತ್ತಿದ್ದಳು.

"ಟೀಚರ್, ಪಾಪ್ಯಾಗ ಜ್ವರ ಬಂದಾಗ, ನಾನೇ ನಿಮ್ಮವ್ವ ಅಂತ ತಿಳ್ಕೊ ಅಂದಿದ್ರಿಲ್ರಿ?"

"ಹೌದು, ಅಂದಿದ್ದೆ."

"ಹಂಗಂದ್ರ ನಿಮ್ಮಣ್ಣಾರು ಇವಗ..." ಎಂದು ತಲೆ ತಗ್ಗಿಸಿದಳು.

ಜವಳದ ಸಂಗತಿಯನ್ನು ನಾನು ನಾಲ್ಕು ಮಾತಿನಲ್ಲಿ ಅಣ್ಣನಿಗೆ ಹೇಳಿದೆ. ಅವನು ಎದ್ದು ಒಳಗೆ ಹೋದ. ಮುಗಿಯಿತು, ಇನ್ನು ಈ ಮನೆಯ ಬಾಗಿಲು ತುಳಿದಂತೆಯೇ ಎಂದುಕೊಂಡೆ. ಅವನು ಕನ್ನಡಕ ಏರಿಸಿ, ಪಂಚಾಂಗ ಹಿಡಿದು ಹೊರಬಂದ.

"ಇವತ್ತು ಬುಧವಾರ. ಹನ್ನೆರಡಕ್ಕ ರಾಹುಕಾಲ ಹತ್ತತದ. ಇನ್ನ ಒಂದು ತಾಸು ಅದ. ಏನು ನೋಡಾಕತ್ತೀರಿ? ಜವಳ ಅಂದ್ರ ಹುಡುಗಾಟಕಿ ಏನು? ಮಾಣಿಕಪ್ಪನ್ನ ಕರೀರಿ! ಅರಿಷಿಣ ಎಲ್ಲಿ? ಮಾವ ಆದಂವ ಬರಿಗೈಲೆ ಕತ್ತರಿ ಹಿಡೀಬಾರದು, ಮೊಮ್ಮಗಗ ತಂದ ಹೊಸ ಅಂಗಿ ತಗೀರಿ!"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಂಗಳದಲ್ಲಿ ಮಣೆ ಹಾಕಿ, ಅಣ್ಣ ಪಾಪ್ಯಾನನ್ನು ತೊಡೆಯ ಮೇಲೆ ಕೂಡಿಸಿಕೊಂಡ. ಮೊದಲ ಎಳೆ ಅವನ ಕೈಯಿಂದ. ಉಳಿದದ್ದನ್ನು ಕಟಿಂಗ್ ಅಂಗಡಿಯ ಮಾಣಿಕಪ್ಪ ಹತ್ತು ನಿಮಿಷದಲ್ಲಿ ನುಣ್ಣಗೆ ಬೋಳಿಸಿದ. "ಇಷ್ಟು ಕೂದಲದಾಗ ಒಂದು ಹಾಸಿಗಿ ಆಗ್ತದ ನೋಡ್ರಿ ಆಚಾರ್ರ" ಎಂದ. ಪಾಪ್ಯಾ ಅಳಲಿಲ್ಲ, ಅತ್ತದ್ದು ರೇಣುಕಾ. ವೈನಿ ಎಣ್ಣೆ ಹಚ್ಚಿ ನೀರೆರೆದು ಹೊಸ ಅಂಗಿ ತೊಡಿಸಿದರು. ಅದು ಮೊಣಕಾಲಿನವರೆಗೆ ಬಂತು.

"ಈಗ ಹಾಕು ಕೈ" ಎಂದೆ.

ಬೋಳು ನೆತ್ತಿಯ ಮೇಲಿಂದ ಜಾರಿದ ಕೈ ನೇರವಾಗಿ ಹೋಗಿ ಎಡಗಿವಿಯನ್ನು ಹಿಡಿಯಿತು. ಗೌಸ್ ಅಂಗಳದಲ್ಲೇ ಕುಣಿದ. ಊಟಕ್ಕೆ ವೈನಿ ಶಿರಾ ಮಾಡಿದ್ದರು.

ಎರಡರ ಬಸ್ಸಿಗೆ ಅಣ್ಣನೂ ಚೀಲ ಹಿಡಿದು ಬಂದುಬಿಟ್ಟ. "ಮಾವ ಅಂದಮ್ಯಾಲ ಶಾಲಿಗೆ ಬಿಡೂದು ಬ್ಯಾಡೇನು?" ನಾವಿಬ್ಬರೂ ಹತ್ತಿ ಕೂತೆವು. ಮೂರು ಮಕ್ಕಳು ಕೆಳಗೇ ನಿಂತಿದ್ದರು. ಎಷ್ಟು ಕರೆದರೂ ಹತ್ತಲೊಲ್ಲರು. ಬಸ್ಸು ಹೊರಟದ್ದೇ ತಡ, ಪಕ್ಕದಲ್ಲಿ ಓಡಿಬಂದು ಟಪಟಪನೆ ಮೆಟ್ಟಿಲಿಗೆ ನೆಗೆದರು! ಕಂಡಕ್ಟರ್ ಕಿರುಚಿದ. "ಬಿಡೂಕಿಂತ ಮೊದಲ ಹತ್ತಬೇಕು ಅಂತ ಯಾರೂ ಹೇಳೇ ಇಲ್ರಿ" ಎಂದ ಗೌಸ್. ನಿಂತ ಗಾಡಿಗೆ ಅವರು ಹತ್ತಿದ್ದು ಅವತ್ತು ಬೆಳಿಗ್ಗೆ ಒಂದೇ ಸಲ, ಅದೂ ನಾನು ಕೈ ಹಿಡಿದಿದ್ದರಿಂದ.

ದಾರಿಯಲ್ಲಿ ಕಪ್ಪು ನೆಲ ಹಿಂದೆ ಬಿದ್ದು ಕೆಂಪು ಮಣ್ಣು ಬಂತು. ಹಿಂದಿನ ಸೀಟಿನವರು ತೆಲುಗಿನಲ್ಲಿ ಮಳೆಯ ಮಾತಾಡುತ್ತಿದ್ದರು, ಚಿಂಚೋಳಿ ಮುಟ್ಟುವಷ್ಟರಲ್ಲಿ ಮಳೆಯೇ ಬಂತು. ಶಾಲೆಯ ಹಿರಿಯ ಮೇಡಂ ಗೌಸ್, ರೇಣುಕಾ ಇಬ್ಬರ ಹೆಸರು ಬರೆದುಕೊಂಡು, ಕನ್ನಡಕದ ಮೇಲಿಂದ ಪಾಪ್ಯಾನನ್ನು ನೋಡಿದರು. "ಇಂವ ಸಣ್ಣವ ಅದಾನಲ್ರಿ." ಅವರು ಹೇಳುವ ಮೊದಲೇ ಪಾಪ್ಯಾ ಕೈ ಎತ್ತಿ ಕಿವಿ ಹಿಡಿದು ನಿಂತ. ಮೇಡಂ ಎದ್ದು ಬಂದು, ಬೆರಳು ನಿಜವಾಗಿ ತಾಗಿದೆಯೇ ಎಂದು ಮುಟ್ಟಿ ನೋಡಿ, "ಆತು, ಒಂದನೇತ್ತ ಕ್ಲಾಸಿಗೆ ತಗೋತೀನಿ" ಎಂದರು.

ಪಾಪ್ಯಾನ ಅರ್ಜಿಯಲ್ಲಿ ಪೋಷಕರ ಹೆಸರಿನ ಜಾಗ ಖಾಲಿ ಇತ್ತು. ನಾನು ಪೆನ್ನು ತೆಗೆಯುವಷ್ಟರಲ್ಲಿ ಅಣ್ಣ ಅರ್ಜಿಯನ್ನು ತನ್ನತ್ತ ಎಳೆದುಕೊಂಡು ಹೆಸರು ಬರೆದ. ಸಂಬಂಧ ಎಂಬಲ್ಲಿ ತನ್ನ ದುಂಡು ಅಕ್ಷರದಲ್ಲಿ "ಸೋದರಮಾವ" ಎಂದು ಬರೆದು ಕೆಳಗೆ ಗೆರೆ ಎಳೆದ.

ಸಂಜೆಯ ಬಸ್ಸಿಗೆ ಹೊರಟು ಗೇಟಿನ ಹತ್ತಿರ ತಿರುಗಿ ನೋಡಿದೆ. ಮಳೆ ನಿಂತಿತ್ತು. ಗೌಸ್ ಆಗಲೇ ಯಾರಿಗೋ ಟೈಮ್‌ಟೇಬಲ್ ವಿವರಿಸುತ್ತಿದ್ದ. ಜಗಲಿಯ ಮೇಲೆ ರೇಣುಕಾ, ಪಕ್ಕದಲ್ಲಿ ಪಾಪ್ಯಾ. ಅವನ ಬಲಗೈ ಇನ್ನೂ ನೆತ್ತಿಯ ಮೇಲಿಂದ ಹಾದು ಎಡಗಿವಿಯನ್ನು ಹಿಡಿದೇ ಇತ್ತು. ಬಿಟ್ಟರೆ ಎಲ್ಲಿ ಹೊರಗೆ ಹಾಕುತ್ತಾರೋ ಎಂಬ ಭಯ.

"ಸಾಕು ಬಿಡೋ ಅಳಿಯಾ, ಕೈ ಇಳಸು!" ಎಂದು ಅಣ್ಣ ಕೂಗಿದ.

ಪಾಪ್ಯಾ ನಕ್ಕು, ಎಡಗೈ ಬೀಸಿ ನಮ್ಮನ್ನು ಕಳಿಸಿದ. ಬಲಗೈ ಮಾತ್ರ ಇಳಿಸಲಿಲ್ಲ.