ಐದು ಸೇರಿನ ಹಾಡು

ಮೂಡಲಗಿಯ ಪೇಟಿ ಸೋಮಶೇಖರನ ಮುಂದೆ ಯಾರಾದರೂ ಹಳೆಯ ಹಾರ್ಮೋನಿಯಂ ತಂದಿಟ್ಟು, "ಇದನ್ನ ಮಾರಿ ಹೊಸಾದ ತಗೋಬೇಕಂತ ಮಾಡೇನ್ರಿ" ಎಂದರೆ ಮುಗಿಯಿತು. ಪೇಟಿಗಿಂತ ಮೊದಲು ತಂದವರಿಗೇ ಒಂದು ಸುತ್ತು ರಿಪೇರಿಯಾಗುತ್ತಿತ್ತು. "ಅಲ್ರಿ, ಎರಡ ಹಲ್ಲ ಬಿದ್ದೂವಂತ ಮನಿಷ್ಯಾನ್ನ ಬದಲ ಮಾಡ್ತೀರೇನು? ರೀಡ ಹೋದ್ರ ರೀಡ ಹಾಕೂಣು, ತಿದಿ ಹರದಿದ್ರ ತಿದಿ ಹೊಲಿಯೂಣು. ಬಿಸಾಕೂ ಮಾತ ನನ್ನ ಮುಂದ ಆಡಬ್ಯಾಡ್ರಿ." ಆ ಸೀಮೆಯಲ್ಲಿ ಹಾರ್ಮೋನಿಯಂಗೆ ಪೇಟಿ ಎಂದೇ ಹೆಸರು. ಗೋಕಾಕದಿಂದ ಕೌಜಲಗಿಯವರೆಗಿನ ಭಜನೆ ಮೇಳಗಳ ಪೇಟಿಗಳೆಲ್ಲ ಅವನ ಕೈಯಲ್ಲಿ ಎರಡನೆಯ, ಮೂರನೆಯ ಜನ್ಮ ಪಡೆದಿದ್ದವು. ಕೆಲವಕ್ಕೆ ಮೂಲದ್ದೆಂದು ಉಳಿದದ್ದು ಹಿಡಿಕೆ ಮಾತ್ರ. ಆದರೂ ಅವನ ಮಟ್ಟಿಗೆ ಅದು ಹಳೆಯ ಪೇಟಿಯೇ.

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಎರಡು ಸಾವಿರದ ಎಂಟರಲ್ಲಿ ಅವನ ಲ್ಯಾಪ್‌ಟಾಪಿಗೇ ಮುಪ್ಪು ಬಂತು.

ಅದನ್ನು ಕೊಂಡದ್ದು ಹುಕ್ಕೇರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಧನ್ಯಕುಮಾರನಿಂದ. ಆಗಲೇ ಅದು ಯಾರೋ ಬಳಸಿ ಬಿಟ್ಟದ್ದು. ಊರಿನವರಿಗೆ ಸೋಮಶೇಖರ ಭಜನೆ ಪದ ರೆಕಾರ್ಡ್ ಮಾಡಿ ಸೀಡಿ ಮಾಡಿಕೊಡಲಿಕ್ಕೆ ತಂದಿದ್ದೇನೆ ಎಂದು ಹೇಳಿದ್ದ, ಒಂದೆರಡು ಮೇಳಗಳಿಗೆ ಮಾಡಿಯೂ ಕೊಟ್ಟಿದ್ದ. ಖರೆ ಕಾರಣ ಬೇರೆ. ಯಮಕನಮರಡಿಯಲ್ಲಿದ್ದ ಅಕ್ಕ ಲಕ್ಕವ್ವನ ಹಾಡುಗಳನ್ನು ಹಿಡಿದಿಡಬೇಕಾಗಿತ್ತು.

ಲಕ್ಕವ್ವ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಸೋಮಶೇಖರನಿಗೆ ಮೂರು ವರ್ಷ. ಅಕ್ಕನೇ ಅವ್ವನಾದಳು. ತೊಡೆಯ ಮೇಲೆ ಅವನನ್ನು ಕೂರಿಸಿಕೊಂಡು ಜೋಳ ಬೀಸುತ್ತಿದ್ದಳು, ಬೀಸುತ್ತ ಹಾಡುತ್ತಿದ್ದಳು. ಅವನ ಪುಟ್ಟ ಅಂಗೈಯನ್ನು ತಿರುಗುವ ಕಲ್ಲಿನ ಬದಿಗೆ ಒತ್ತಿ ಹಿಡಿದು, "ಇದ ನೋಡೋ ಸುರ. ಇದರ ಮ್ಯಾಲ ಕುಂತ ಹಾಡಬೇಕು" ಎಂದಿದ್ದಳು. ಗುಂಯ್ ಎನ್ನುವ ಆ ನಡುಕ ಅಂಗೈಯಿಂದ ಮೊಣಕೈವರೆಗೆ ಏರಿದ್ದು ಅವನಿಗೆ ಐವತ್ತು ದಾಟಿದರೂ ನೆನಪಿತ್ತು. ಅವಳು ಗಂಡನ ಮನೆಗೆ ಹೊರಟಾಗ ಆರು ವರ್ಷದ ಇವನು ಬಂಡಿಯ ಹಿಂದೆ ಅಳುತ್ತ ಹಳ್ಳದ ತನಕ ಓಡಿದ್ದ.

ಈಗ ಅವಳ ಕೈಯಲ್ಲಿ ಕಲ್ಲು ತಿರುಗಿಸುವ ಕಸುವಿರಲಿಲ್ಲ. ಬೀಸುಕಲ್ಲೂ ಇರಲಿಲ್ಲ. ಮನೆ ರಿಪೇರಿ ಮಾಡಿಸಿದಾಗ ಅದು ಹಿತ್ತಲ ಬಾಗಿಲಿನ ಮೆಟ್ಟಿಲಾಗಿತ್ತು. ಹಾಡು ಮಾತ್ರ ಗಟ್ಟಿಯಾಗಿತ್ತು. ಪ್ರತಿ ಅಮಾವಾಸ್ಯೆಗೆ ಸೋಮಶೇಖರ ಅಂಗಡಿಗೆ ಬೀಗ ಹಾಕಿ, ಗೋಕಾಕ, ಹುಕ್ಕೇರಿ ಎಂದು ಬಸ್ಸು ಬದಲಿಸುತ್ತ ಯಮಕನಮರಡಿ ಮುಟ್ಟುತ್ತಿದ್ದ. ಅಲ್ಲಿ ಇನ್ನೊಂದು ತಾಪತ್ರಯ ಕಾದಿರುತ್ತಿತ್ತು. ಅಕ್ಕನ ಮನೆಯ ಗೋಡೆಗೆ ಹತ್ತಿಕೊಂಡೇ ಲಗಮಣ್ಣನ ಹಿಟ್ಟಿನ ಗಿರಣಿ. ಕರೆಂಟು ಇರುವಷ್ಟು ಹೊತ್ತು ಅದರ ಗದ್ದಲದಲ್ಲಿ ಪಕ್ಕದವರು ಸೀನಿದರೂ ಕೇಳುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಕರೆಂಟು ಹೋದರೆ ಊರೆಲ್ಲ ಶಾಪ ಹಾಕುತ್ತಿತ್ತು, ಇವನೊಬ್ಬ ಕೈ ಮುಗಿಯುತ್ತಿದ್ದ. ಗಿರಣಿ ನಿಂತಾಗಲೇ ಹಾಡು. ಕರೆಂಟಿಲ್ಲದೆ ನಡೆಯುವ ಯಂತ್ರ ಅದಕ್ಕೇ ಬೇಕಾಗಿತ್ತು.

ಬೀಸುವ ಪದಗಳಿಗೆ ಅಕ್ಕನ ಬಳಿ ತಾಸು ನಿಮಿಷಗಳ ಅಳತೆ ಇರಲಿಲ್ಲ. ಅರ್ಧ ಸೇರಿನ ಹಾಡು, ಒಂದು ಸೇರಿನ ಹಾಡು, ಎರಡು ಸೇರಿನದು ಎನ್ನುತ್ತಿದ್ದಳು. ಹಾಡು ಮುಗಿಯುವುದರೊಳಗೆ ಅಷ್ಟು ಜೋಳ ಹಿಟ್ಟಾಗಬೇಕು. ಆರು ವರ್ಷದಲ್ಲಿ ಮೂವತ್ತೆಂಟು ಹಾಡು ಆಗಿದ್ದವು. ಉಳಿದದ್ದು ಒಂದೇ, ಐದು ಸೇರಿನದು. ಗಂಡನ ಮನೆಯಲ್ಲಿ ಬೀಸುತ್ತ ಕುಳಿತ ಹೆಣ್ಣುಮಗಳು ಒಂದೊಂದು ಸೇರಿಗೆ ತವರಿನ ಒಬ್ಬೊಬ್ಬರನ್ನು ನೆನೆಯುತ್ತಾಳೆ. ಮೊದಲ ಸೇರು ಅವ್ವನಿಗೆ, ಎರಡನೆಯದು ಅಪ್ಪನಿಗೆ, ಹೀಗೆ ಹೋಗಿ ಐದನೆಯ ಸೇರು ತಮ್ಮನಿಗೆ. ಇಪ್ಪತ್ತು ನಿಮಿಷದ ಹಾಡು. ಲ್ಯಾಪ್‌ಟಾಪಿನ ಬ್ಯಾಟರಿ ಹನ್ನೆರಡು ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು. ಸೇರಿನ ಲೆಕ್ಕದಲ್ಲಿ ಮೂರಕ್ಕೇ ಸುಸ್ತು.

"ನಿಂತಲ್ಲಿಂದ ಹಾಡಕ್ಕಾ, ನಾ ಜೋಡಸ್ತೇನಿ" ಎಂದು ನೋಡಿದ್ದ. ಅವಳಿಗೆ ನಡುವಿನಿಂದ ಬರುತ್ತಿರಲಿಲ್ಲ. ಮೊದಲ ಹಿಡಿ ಜೋಳದಿಂದಲೇ ಹಿಡಿಯಬೇಕು. ನಾಲ್ಕು ಅಮಾವಾಸ್ಯೆ ಮೂರನೆಯ ಸೇರಿಗೇ ಕತ್ತಲೆಯಾದವು. ಅದರ ಮೇಲೆ ಆ ಹಳೆಯ ಫ್ಯಾನಿನ ಗುಂಯ್ ಎಂಬ ಸಪ್ಪಳ ಎಲ್ಲ ಹಾಡುಗಳ ಬೆನ್ನಿಗೂ ಹತ್ತಿಕೊಂಡಿತ್ತು. ಅಕ್ಕನಿಗೆ ಒಂದು ಕೆಟ್ಟ ಚಾಳಿ ಬೇರೆ. ಹಾಡುವಾಗ ಬಲಗೈ ತಂದು ಲ್ಯಾಪ್‌ಟಾಪಿನ ಅಂಚಿಗೆ ಇಡುವುದು. "ಕೈ ತಗಿ ಅಕ್ಕಾ" ಎಂದರೆ, "ಇರಲಿ ಬಿಡೋ, ಬೆಚ್ಚಗ ಐತಿ. ಸಂದ ನೋವಿಗೆ ಚಲೋ" ಎನ್ನುತ್ತಿದ್ದಳು. ಪ್ರತಿ ಹಾಡು ಮುಗಿದಾಗ ಅವನ ಮುಖವನ್ನೇ ನೋಡುತ್ತ, "ಸುರದಾಗ ಇತ್ತೇನೋ ತಮ್ಮಾ?" ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಇರುತ್ತಿತ್ತು.

ಐದನೆಯ ಅಮಾವಾಸ್ಯೆಯೂ ಹಾಗೇ ಆದಾಗ ಸೋಮಶೇಖರ ಮರಳುವ ದಾರಿಯಲ್ಲಿ ಹುಕ್ಕೇರಿಯಲ್ಲಿ ಇಳಿದ. ಹೊತ್ತು ಮುಳುಗುವ ಮೊದಲು ಊಟಕ್ಕೆ ಮನೆ ಸೇರಬೇಕೆಂದು ಜೈನರ ಧನ್ಯಕುಮಾರ ಬಾಗಿಲು ಎಳೆಯುತ್ತಿದ್ದವನು ಇವನನ್ನು ನೋಡಿ ಮತ್ತೆ ತೆರೆದ.

"ಮಾಸ್ತರ್, ಮೆಮೊರಿ ಹೆಚ್ಚಿಗಿ ಹಾಕಬಹುದು, ಡಿಸ್ಕ್ ದೊಡ್ಡದ ಹಾಕಬಹುದು. ಆದ್ರ ಇದರ ಬ್ಯಾಟರಿ ಮಾಡೂದನ್ನ ಬಿಟ್ಟಾರ. ಏನ ಹಾಕಿದ್ರೂ ಹನ್ನೆರಡ ನಿಮಿಷದ ಮ್ಯಾಲ ಉಸರ ಹಿಡಿಯೂದಿಲ್ಲ. ಹರಕ ಚಾಪಿಗೆ ಜರಿ ಅಂಚ ಯಾಕ್ರಿ? ಹೊಸಾದ ತಗೋರಿ."

"ಹಲ್ಲ ಬಿದ್ದೂವಂತ ಮನಿಷ್ಯಾನ್ನ..." ಎಂದು ಸೋಮಶೇಖರ ಶುರು ಮಾಡಿದ. ಅಭ್ಯಾಸಬಲ.

"ಹಲ್ಲ ಅಲ್ರಿ ಮಾಸ್ತರ್, ಇದರದು ಎದೀನ ಹೋಗೇತಿ" ಎಂದ ಧನ್ಯಕುಮಾರ ಮೆಲ್ಲಗೆ. ಕಪಾಟಿನಿಂದ ಹೊಸದೊಂದನ್ನು ತೆಗೆದು ಮುಂದಿಟ್ಟ. "ಕಿವಿ ಇಟ್ಟ ಕೇಳ್ರಿ, ಸಪ್ಪಳ ಐತೇನು? ಮೂರ ತಾಸ ನಡೀತೈತಿ. ಎಂಟ ದಿನ ಇಟಗೊಂಡ ನೋಡ್ರಿ, ಮನಸಿಗೆ ಬಂದ್ರ ಮಾತಾಡೂಣು."

ಕಿವಿ ಇಟ್ಟ. ಸೂಜಿ ಬಿದ್ದಷ್ಟೂ ಸಪ್ಪಳವಿಲ್ಲ. ನಾಚಿಕೆಯಾಯಿತು, ಆಸೆಯೂ ಆಯಿತು. ಯಾರಾದರೂ ಮೂಡಲಗಿಯವರು ನೋಡಿಯಾರು ಎಂದು ಅದನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಅಮಾವಾಸ್ಯೆಗೆ ಕಾಯದೆ ನಾಲ್ಕನೆಯ ದಿನವೇ ಹಳೆಯದನ್ನು ಮನೆಯಲ್ಲಿ ಬಿಟ್ಟು ಹೊಸದರೊಂದಿಗೆ ಅಕ್ಕನ ಮನೆಗೆ ಹೋದ. ತಿಂಗಳಿಗೊಮ್ಮೆ ಬರುವ ತಮ್ಮ ವಾರದೊಳಗೇ ಬಂದದ್ದಕ್ಕೆ ಲಕ್ಕವ್ವನ ಮುಖ ಅರಳಿತು. ಸೊಸೆ ಹನಮವ್ವ ಊಟ ಬಡಿಸಿದಳು. ಒಂದಕ್ಕೆ ಕರೆಂಟು ಹೋಯಿತು, ಗಿರಣಿ ನಿಂತಿತು. ಮೈಕನ್ನು ಎಂದಿನಂತೆ ಬೋರಲು ಹಾಕಿದ ಸೇರಿನ ಮೇಲೆ ನಿಲ್ಲಿಸಿದ. ಅಕ್ಕ ಕೈ ಚಾಚಿ ಹೊಸ ಯಂತ್ರದ ಅಂಚು ಮುಟ್ಟಿದಳು. ಆಚೆ ಮುಟ್ಟಿದಳು, ಈಚೆ ಮುಟ್ಟಿದಳು. "ಇದು ತಣ್ಣಗ ಐತೆಲ್ಲೋ" ಎಂದಳು. ಆಮೇಲೆ ಹಾಡತೊಡಗಿದಳು.

ಮೊದಲ ಸೇರಿನ ನಡುವೆಯೇ ಸುರ ಜಾರಿತು. ಸೋಮಶೇಖರ ತನ್ನ ಕಿವಿಯನ್ನೇ ಸಂಶಯಿಸಿದ. ಎರಡನೆಯ ಸೇರಿಗೆ ಹಾಡು ಎಲ್ಲೋ ಹೊರಟು ಇನ್ನೆಲ್ಲೋ ಮುಟ್ಟಿತು. ಅಕ್ಕನ ಮುಖದಲ್ಲಿ ಅದೇ ತನ್ಮಯತೆ, ಅದೇ ಮುಚ್ಚಿದ ಕಣ್ಣು. ಸುರ ತಪ್ಪಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಸುರ ಬಿಡದ ಹೆಣ್ಣು. ತಡಮಾಡಿದೆ, ಅಕ್ಕನಿಗೆ ವಯಸ್ಸಾಗಿ ಹೋಯಿತು ಎಂದುಕೊಂಡ. ಮೂರನೆಯ ಸೇರಿಗೆ ಅವಳೇ ದಣಿದು ನಿಲ್ಲಿಸಿದಳು.

"ಸುರದಾಗ ಇತ್ತೇನೋ ತಮ್ಮಾ?"

ಯಾರ ಪೇಟಿಯ ಸುರದ ಬಗ್ಗೆಯೂ ಸುಳ್ಳು ಹೇಳದ ಮನುಷ್ಯ ಅಕ್ಕನ ಮುಖ ನೋಡಲಾರದೆ ಯಂತ್ರದ ಮೇಲೆ ಬಗ್ಗಿ, "ಇತ್ತಕ್ಕಾ" ಎಂದ.

"ಸುರದಾಗ ಇತ್ತೇನೋ?" ಅವಳು ಮತ್ತೆ ಕೇಳಿದಳು.

"ಇತ್ತಂದ್ನೆಲ್ಲಾ" ಎಂದ, ಈ ಸಲ ಗಟ್ಟಿಯಾಗಿ. ತಲೆ ಎತ್ತಲಿಲ್ಲ.

ಅವಳು ಮೂರನೆಯ ಸಲ ಅದನ್ನೇ ಕೇಳಿದಳು. ಆಗ ತಲೆ ಎತ್ತಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹನಮವ್ವ ತನ್ನ ಕಿವಿ ಮುಟ್ಟಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದವನಿಗೆ ಹನಮವ್ವ ತಗ್ಗಿದ ದನಿಯಲ್ಲಿ ಹೇಳಿದಳು. "ಎರಡ ವರ್ಷ ಆತ್ರಿ ಮಾವಾ, ಪೂರಾ ಕೇಳೂದಿಲ್ಲ. ತುಟಿ ನೋಡಿ ಮಾತ ತಿಳಕೊಂತಾರ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾರ."

"ಯಾಕವಾ? ನಾ ಏನ ಹೊರಗಿನಾಂವೇನು?"

"ಕಿವಿ ಹೋಗೇತಿ ಅಂತ ತಿಳದ್ರ ತಮ್ಮ ಮಿಷನ್ ತರೂದ ಬಿಡತಾನ, ಮಿಷನ್ ಬಿಟ್ಟ ಮ್ಯಾಲ ಯಾತಕ್ಕ ಬರತಾನ ಅಂತಾರ್ರಿ. ಆ ಹಳೀದರ ಮ್ಯಾಲ ಕೈ ಇಟ್ರ ಗುಂಯ್ ಅನ್ನೂದು ಅಂಗೈಯಾಗ ಬರತಿತ್ತಂತ, ಬೀಸೂಕಲ್ಲಿನಗತೆ. ಅದರ ಮ್ಯಾಲ ಹಾಡತಿದ್ರು."

ಸೋಮಶೇಖರ ತಂಬಿಗೆ ಕೆಳಗಿಟ್ಟ. ಮೂರು ತಾಲೂಕಿನ ಪೇಟಿಗಳಲ್ಲಿ ಕೂದಲೆಳೆಯಷ್ಟು ಸುರ ಹೆಚ್ಚುಕಡಿಮೆಯಾದರೂ ಹಿಡಿಯುವ ಕಿವಿ ಅವನದು. ಎದುರಿಗೆ ಕುಳಿತ ಅಕ್ಕನಿಗೆ ಕಿವಿಯೇ ಇಲ್ಲವೆಂಬುದು ಎರಡು ವರ್ಷ ಅದಕ್ಕೆ ತಿಳಿಯಲಿಲ್ಲ. ಪ್ರತಿ ತಿಂಗಳು ಬಂದವನು ಯಂತ್ರದ ಮುಖ ನೋಡಿದ್ದನೇ ಹೊರತು ಅವಳ ಮುಖ ನೋಡಿರಲಿಲ್ಲ. ಸುರವೆಂದರೆ ಅಂಗೈಯಲ್ಲಿರುತ್ತದೆ ಎಂದು ಅವಳೇ ಕಲಿಸಿದ್ದಳಲ್ಲ. ಕೈ ತೆಗೆ ಅಂದವನು ತಾನೇ. ಅವನ ಕಣ್ಣು ತುಂಬಿ ಬಂದವು, ಹನಮವ್ವ ಸೌಟು ಹುಡುಕುವವಳಂತೆ ಆಚೆ ತಿರುಗಿದಳು.

ಮೂಡಲಗಿಗೆ ಬಂದವನೇ ಹಳೆಯ ಲ್ಯಾಪ್‌ಟಾಪನ್ನು ಕರೆಂಟಿಗೆ ಹಾಕಿ ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಗುಂಯ್ ಎಂದಿತು. ಇಷ್ಟು ದಿನ ಅದನ್ನು ಹೇಗೆ ಕಳೆಯುವುದೆಂದು ಒದ್ದಾಡಿದ್ದ, ಈಗ ಅದರ ಜಾಡು ಹಿಡಿದು ಕುಳಿತ. ಪೇಟಿ ತೆಗೆದು ಅದರ ಕರಿ, ಬಿಳಿ ಮನೆಗಳನ್ನು ಒಂದೊಂದೇ ಒತ್ತಿ ನೋಡಿದ. ಬಿಳಿ ನಾಲ್ಕಕ್ಕಿಂತ ತುಸು ಮೇಲೆ, ಕರಿ ಮೂರಕ್ಕಿಂತ ತುಸು ಕೆಳಗೆ. ಯಾವ ಪೇಟಿಯಲ್ಲೂ ಇರದ ಸುರ ಅದು. ಹಳೆಯದನ್ನೇ ಅಕ್ಕನ ಕೈಗೆ ಕೊಡೋಣವೆಂದರೆ ಕರೆಂಟಿಲ್ಲದ ಹೊತ್ತಿನಲ್ಲಿ ಅದೂ ಮೂರು ಸೇರಿಗೆ ನಿಲ್ಲುತ್ತದೆ. ಎರಡು ದಿನ ಗಿರಾಕಿಗಳ ಪೇಟಿಗಳನ್ನು ಬದಿಗಿಟ್ಟ. ಬಿಳಿ ನಾಲ್ಕರ ಒಂದು ರೀಡು ತೆಗೆದುಕೊಂಡು ಅದರ ತುದಿಯನ್ನು ಕೆರೆದ, ಊದಿದ, ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ನೋಡಿದ, ಮತ್ತೆ ಕೆರೆದ. ತುದಿ ಕೆರೆದಷ್ಟೂ ಸುರ ಏರುತ್ತದೆ, ಹೆಚ್ಚಾದರೆ ರೀಡು ಕೆಟ್ಟಿತು. ನಾಲ್ಕು ರೀಡು ಕೆಟ್ಟವು. ಐದನೆಯದು ಕೂತಿತು. ಅದಕ್ಕೆ ಮೊಣಕೈಯುದ್ದದ ಸಾಗುವಾನಿ ಪೆಟ್ಟಿಗೆ, ಪುಟ್ಟ ತಿದಿ. ಒಂದೇ ಸುರದ ಪೇಟಿ, ಅವನ ಜನ್ಮದಲ್ಲಿ ಮಾಡಿದ ಮೊದಲ ಹೊಸ ಪೇಟಿ.

ಹೊಸ ಲ್ಯಾಪ್‌ಟಾಪು ತನಗೇ ಇರಲಿ ಎಂದು ಧನ್ಯಕುಮಾರನಿಗೆ ಫೋನು ಮಾಡಿ ಹೇಳಿದ. ಹಳೆಯದನ್ನು ಕೊಡುತ್ತೀರಾ ಎಂದು ಆತ ಕೇಳಿದಾಗ ಮಾತ್ರ, "ಅದಕ್ಕ ಬ್ಯಾರೆ ಕೆಲಸ ಐತ್ರಿ" ಎಂದ. ಅದು ಇವತ್ತಿಗೂ ಅವನ ಅಂಗಡಿಯಲ್ಲಿ ಸುರ ಹೊಂದಿಸುವ ಪೇಟಿಯ ಪಕ್ಕದಲ್ಲೇ ಇದೆ.

ಅಮಾವಾಸ್ಯೆಯ ದಿನ ಕರೆಂಟು ಹೋಯಿತು. ಹೊಸ ಲ್ಯಾಪ್‌ಟಾಪು ಹಚ್ಚಿಟ್ಟ. ಸಪ್ಪಳ ಮೈಕಿಗೆ ಬೀಳದಂತೆ ಹೊಸ ಪೇಟಿಗೆ ಕೌದಿ ಸುತ್ತಿ, ಅಂಗೈಯಗಲದ ಜಾಗ ಮಾತ್ರ ಬಿಟ್ಟು ಅಕ್ಕನ ಮುಂದಿಟ್ಟ. ಅವಳ ಬಲಗೈಯನ್ನು ಅಲ್ಲಿ ಒತ್ತಿ ಹಿಡಿದು ಮೆಲ್ಲಗೆ ತಿದಿ ಒತ್ತಿದ. ಲಕ್ಕವ್ವ ಬೆಚ್ಚಿ ಅವನ ಮುಖ ನೋಡಿದಳು. ಆಮೇಲೆ ಸೊಸೆಯ ಮುಖ ನೋಡಿದಳು. ಗುಟ್ಟು ಬಯಲಾದದ್ದು ತಿಳಿಯಿತು. ಸೋಮಶೇಖರ ಅವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದ.

"ನನ್ನ ಕಡೆ ನೋಡು" ಎಂದ, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸುತ್ತ. "ಹಾಡಕ್ಕಾ. ಕಲ್ಲ ನಾ ತಿರಗಸ್ತೇನಿ."

ಅವಳು ಕಣ್ಣು ಮುಚ್ಚಿದಳು. ಅವ್ವನ ಸೇರು ಮುಗಿಯಿತು, ಅಪ್ಪನ ಸೇರು ಮುಗಿಯಿತು. ಮೂರನೆಯ ಸೇರೂ ದಾಟಿತು. ಯಂತ್ರ ಕಣ್ಣು ಮುಚ್ಚಲಿಲ್ಲ, ಸುರ ಜಾರಲಿಲ್ಲ. ಐದನೆಯ ಸೇರಿಗೆ ಹಾಡಿನೊಳಗೆ ತಮ್ಮ ಬಂದು ಬಾಗಿಲಲ್ಲಿ ನಿಂತ. ಹಾಡಿನ ಹೆಣ್ಣು ಕಲ್ಲು ನಿಲ್ಲಿಸುವ ಹಾಗಿಲ್ಲ, ಅತ್ತೆ ಒಳಗಿದ್ದಾಳೆ. ಬೀಸುತ್ತಲೇ ಕೇಳುತ್ತಾಳೆ: ಉಂಡು ಬಂದೆಯಾ, ತಲೆ ಬಾಚಿದವರು ಯಾರು, ಹಳ್ಳದ ತನಕ ಓಡಿ ಬಂದೆಯಲ್ಲ, ಅವತ್ತು ಮನೆಗೆ ಯಾರ ಕೈ ಹಿಡಿದು ಹೋದೆ. ಈ ಕೊನೆಯ ಸಾಲು ಹಾಡಿನಲ್ಲಿ ಮೊದಲೇ ಇತ್ತೋ, ಅಕ್ಕ ಸೇರಿಸಿದಳೋ, ಅವನು ಎಂದೂ ಕೇಳಲಿಲ್ಲ. ತಿದಿ ಒತ್ತುವ ಕೈ ಮಾತ್ರ ನಿಲ್ಲಿಸಲಿಲ್ಲ.

ಹಾಡು ಮುಗಿಯಿತು. ಲಕ್ಕವ್ವ ಕಣ್ಣು ತೆರೆದಳು.

"ಸುರದಾಗ ಇತ್ತೇನೋ ತಮ್ಮಾ?"

ಸೋಮಶೇಖರ ಅವಳ ಅಂಗೈಯನ್ನು ಪೇಟಿಯಿಂದ ಎತ್ತಿ ತನ್ನ ಗಂಟಲ ಮೇಲೆ ಇಟ್ಟುಕೊಂಡ.

"ಇತ್ತಕ್ಕಾ. ಐದೂ ಸೇರು ಸುರದಾಗ ಇತ್ತು."

ಅವಳು ಕೈಯಲ್ಲೇ ಕೇಳಿದಳು. ತಲೆಯಾಡಿಸಿದಳು. ಆಮೇಲೆ ಅಳುಕುತ್ತ ಕೇಳಿದಳು. "ಹಾಡ ಎಲ್ಲಾ ಮುಗದೂವಲ್ಲೋ. ಇನ್ನ ಯಾತಕ್ಕ ಬರತಿ?"

ಅವನು ಕೈಯನ್ನು ಇನ್ನಷ್ಟು ಒತ್ತಿ ಹಿಡಿದ.

"ನಿನ್ನ ನೋಡಾಕ ಬರ್ತೇನಿ."