ಎದುರುಮನೆ ಅಂಕಲ್ ಹೇಳಿದ ಹಂಗೇರಿ ಸಿನಿಮಾ

ಎದುರುಮನೆ ಅಂಕಲ್ ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅಲ್ಲಿದ್ದದ್ದು ಹುಣಸೆಬೀಜದಂಥ ಒಂದು ಕಪ್ಪು ಗಂಟು. ಬೇರೆಯವರಾಗಿದ್ದರೆ ಮುಚ್ಚಿಕೊಳ್ಳುತ್ತಿದ್ದರು. ಇವರು ಮಾತ್ರ ಅಮೆರಿಕದ ಕಮ್ಮಿಂಗ್ ಊರಿನ ನಮ್ಮ ಮನೆಗೆ ಬಂದರೆ ಸಾಕು, ಸಾಕ್ಸ್ ಕಳಚಿ ಕಾಲನ್ನು ಟೀಪಾಯಿಯ ಮೇಲಿಟ್ಟು, “ಎದುರಾಳಿ ಬೂಟು ತಿಂದಿದ್ದಮ್ಮಾ ಇದು. ಆದ್ರೂ ಗೋಲ್ ಹೊಡ್ದೆ,” ಎನ್ನುತ್ತಿದ್ದರು. ನಾನು ಚಕ್ಕುಲಿ ತಂದಿಡುತ್ತಿದ್ದದ್ದೂ ಅದೇ ಟೀಪಾಯಿಯ ಮೇಲೆ.

ಅವರು ಎದುರುಮನೆಯವಳ ತಂದೆ. ಎರಡು ಸಾವಿರದ ಇಪ್ಪತ್ತರಲ್ಲಿ ಆರು ತಿಂಗಳಿಗೆಂದು ಬೆಂಗಳೂರಿನಿಂದ ಬಂದವರು. ಕೊರೋನಾ ಬಂದು ವಿಮಾನಗಳು ನಿಂತವು, ಅಂಕಲ್ ಇಲ್ಲೇ ಉಳಿದರು. ಬೀದಿಯಲ್ಲಿ ನಮ್ಮ ಎರಡು ಮನೆಯವರು ಮಾತ್ರ ಹೋಗಿಬಂದು ಮಾಡುವುದೆಂದು ಮಾತಾಗಿದ್ದರಿಂದ ಈ ಮನುಷ್ಯ ನನಗೆ ಗಂಟುಬಿದ್ದರು. ಅಂಥ ಬಡಾಯಿಯನ್ನು ನಾನು ಆಮೇಲೂ ಕಂಡಿಲ್ಲ. ಉತ್ತರನ ಪೌರುಷ ಒಲೆ ಮುಂದೆ ಎನ್ನುತ್ತಾರಲ್ಲ, ಇವರದು ನನ್ನ ಒಲೆಯ ಮುಂದೆ.

ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆ ಅವರನ್ನು ಫುಟ್‌ಬಾಲ್ ಆಡುವುದಕ್ಕೆಂದೇ ಕೆಲಸಕ್ಕೆ ತೆಗೆದುಕೊಂಡಿತ್ತು. ಯಂತ್ರದ ತಲೆಬುಡ ಗೊತ್ತಿರಲಿಲ್ಲ. ಮಂಡಿ ಹೋದಮೇಲೆ ಸ್ಟೋರಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದರು. ನಿವೃತ್ತಿಯವರೆಗೂ ಅವರು ಅದೇ ಸ್ಟೂಲಿನ ಮೇಲೆ ಕೂತು ಕೆಲಸಗಾರರಿಗೆ ಕೈಗವಸು ಹಂಚಿದರು. ಇದನ್ನು ಅವರ ಮಗಳು ನನಗೆ ಹೇಳಿದ್ದು. ಅಂಕಲ್ ಬಾಯಲ್ಲಿ ಸ್ಟೂಲಿನ ಸುದ್ದಿ ಬರುತ್ತಿರಲಿಲ್ಲ.

ಇಷ್ಟಿದ್ದೂ ಅವರ ಕಣ್ಣಿಗೆ ನಾವೆಲ್ಲ ನಿಕೃಷ್ಟರು. ಇಲ್ಲಿನ ಕನ್ನಡದ ಹುಡುಗರು ಭಾನುವಾರ ಕ್ರಿಕೆಟ್ ಆಡಿದರೆ, “ಬಿಸ್ಲಲ್ಲಿ ನಿಂತ್ಕೊಳ್ಳೋದಕ್ಕೆ ಯೂನಿಫಾರಂ ಬೇರೆ,” ಎಂದರು. ನನ್ನ ಮಗಳ ಫುಟ್‌ಬಾಲ್ ಪಂದ್ಯಕ್ಕೆ ಒಮ್ಮೆ ಕರೆದುಕೊಂಡು ಹೋದೆ. ಮಡಚುವ ಕುರ್ಚಿಗಳು, ಐಸ್ ತುಂಬಿದ ಡಬ್ಬಗಳು, ಡೇರೆಗಳು, ಹೆಚ್ಚಿಟ್ಟ ಕಿತ್ತಳೆ ಇವೆಲ್ಲವನ್ನೂ ಅಂಕಲ್ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಇದು ಆಟನೋ, ಬೀಗರ ಊಟನೋ?”

ಆ ಹಂಗೇರಿ ಸಿನಿಮಾ ನಮ್ಮ ಮನೆ ಹೊಕ್ಕಿದ್ದು ಇವರಿಂದ. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಗಳಿಗೆ ತೆಗೆದ ಕಪ್ಪುಬಿಳುಪು ತಮಾಷೆಯ ಚಿತ್ರ. ಒಂದು ಕಾರ್ಖಾನೆ, ಅದಕ್ಕೊಂದು ಫುಟ್‌ಬಾಲ್ ತಂಡ, ತಂಡದಲ್ಲಿ ನೆಟ್ಟಗೆ ಆಡುವವನು ಒಬ್ಬನೂ ಇಲ್ಲ. ಹಂಗೇರಿಯಲ್ಲಿ ಊರಿಗೆ ಊರೇ ಅದನ್ನು ನೋಡಿ ನಕ್ಕಿತ್ತಂತೆ. ಅಂಕಲ್ ಅವರ ತಂಡಕ್ಕೆ ತರಬೇತಿ ಕೊಡಲು ಬಂದಿದ್ದ ಹಂಗೇರಿಯವನೊಬ್ಬ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಿಳಿ ಪಂಚೆಯನ್ನು ಪರದೆ ಮಾಡಿ ಕಟ್ಟಿ ಅದನ್ನು ತೋರಿಸಿದ್ದ. ಲಾಕ್‌ಡೌನಿನಲ್ಲಿ ನನ್ನ ಮಗಳು ಅದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿಕೊಟ್ಟಳು. ಅದರಲ್ಲಿ ಸಬ್‌ಟೈಟಲ್ ಇರಲಿಲ್ಲ.

ಅದರಿಂದ ಅಂಕಲ್‌ಗೇನೂ ಅಡ್ಡಿಯಾಗಲಿಲ್ಲ. ನಮ್ಮ ಬೇಸ್‌ಮೆಂಟಿನ ದೊಡ್ಡ ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ಕನ್ನಡದಲ್ಲಿ ತಾವೇ ಆಡುತ್ತಿದ್ದರು. ಮ್ಯಾನೇಜರ್ ಮೈಸೂರಿನ ಮೇಷ್ಟ್ರ ಹಾಗೆ ನಯವಾಗಿ ಮಾತಾಡುತ್ತಿದ್ದ. ರೆಫರಿ ಮಾತ್ರ ಧಾರವಾಡದವನು: “ಏ ತಮ್ಮಾ, ನಿನ್ನ ಆಟ ಮುಗೀತು, ನಡಿ ಹೊರಗ!” ಅವರಿಗೆ ಹಂಗೇರಿಯ ಭಾಷೆ ಒಂದಕ್ಷರ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಎರಡೂ ಮನೆಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಾನು ಅರ್ಧಕ್ಕೇ ಎದ್ದು ಸಾರಿಗೆ ಒಗ್ಗರಣೆ ಹಾಕಲು ಹೋಗುತ್ತಿದ್ದೆ.

ಮಗಳಿಗೆ ಆಗ ಹದಿಮೂರು. ಗೋಲ್‌ಕೀಪರ್. ಕಾಲೇಜಿಗೆ ಅರ್ಜಿ ಹಾಕುವಾಗ ಆಟವೊಂದು ಇರಲೇಬೇಕೆಂದು ನಾನೇ ಆರಿಸಿ, ಊರೂರು ತಿರುಗಿ ಆಡುವ ತಂಡಕ್ಕೆ ಸೇರಿಸಿದ್ದೆ. ಮಾರನೆಯ ವರ್ಷ ಶಾರ್ಲೆಟ್ ನಗರದ ಟೂರ್ನಮೆಂಟಿನಲ್ಲಿ ಅವಳು ಗೋಲಿನ ಮೇಲೆ ಗೋಲು ಬಿಟ್ಟಳು. ವಾಪಸು ಬರುವ ದಾರಿಯುದ್ದಕ್ಕೂ, ಎಲ್ಲಿ ನಿಲ್ಲಬೇಕಿತ್ತು, ಯಾವ ಕಡೆ ಹಾರಬೇಕಿತ್ತು ಎಂದು ನಾನು ಡ್ರೈವ್ ಮಾಡುತ್ತಲೇ ವಿವರಿಸಿದೆ. ಅವಳು “ಐ ಆಮ್ ಡನ್” ಎಂದಳು. ಮನೆಗೆ ಬಂದು ಗ್ಲೌಸ್ ಕಸದ ಡಬ್ಬಿಗೆ ಹಾಕಿದಳು. ಆಮೇಲೆ ಊಟಕ್ಕೆ ಬರುತ್ತೇನೆ, ಬರುವುದಿಲ್ಲ ಎನ್ನುವುದು ಬಿಟ್ಟರೆ ನನ್ನೊಂದಿಗೆ ಅವಳಿಗೆ ಮಾತೇ ಇರಲಿಲ್ಲ.

ಅಂಕಲ್ ಸಮಾಧಾನ ಹೇಳಲಿಲ್ಲ, ಆ ಗುಣ ಅವರಲ್ಲಿರಲಿಲ್ಲ. ಅವಳನ್ನು ಕೂರಿಸಿ ಅದೇ ಸಿನಿಮಾ ಹಾಕಿದರು. ಅದರಲ್ಲೊಬ್ಬ ದಪ್ಪ ಗೋಲ್‌ಕೀಪರ್ ಇದ್ದಾನೆ, ಚೆಂಡು ಅವನ ಕಾಲ ಸಂದಿಯಲ್ಲೇ ನುಸುಳಿ ಹೋಗುತ್ತದೆ. ಅಂಕಲ್ ಚಿತ್ರ ನಿಲ್ಲಿಸಿ ಅವನ ಬಾಯಿಂದ ಮಾತಾಡಿದರು: “ಹತ್ತು ಜನ ಬಿಟ್ಮೇಲೆ ತಾನೇ ಕಣ್ರೋ ನನ್ ಹತ್ರ ಬಂದಿದ್ದು? ಅವ್ರನ್ನ ಕೇಳ್ರೋ ಮೊದ್ಲು!” ಮಗಳು ನಕ್ಕ ಸದ್ದು ಮೇಲಿನವರೆಗೂ ಕೇಳಿಸಿತು. ಮರುದಿನ ಗ್ಲೌಸ್ ಡಬ್ಬಿಯಿಂದ ಹೊರಬಂತು. ಆದರೆ ಇನ್ನು ಶಾಲೆಯ ತಂಡದಲ್ಲಷ್ಟೇ ಆಡುವುದೆಂದು ಅವಳೂ ಅಂಕಲ್ಲೂ ಸೇರಿ ತೀರ್ಮಾನಿಸಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಎದುರುಮನೆಗೆ ಹೋದೆ.

“ಅಂಕಲ್, ಅವಳ ಕಾಲೇಜಿನ ವಿಷಯ ಇದು.”

“ಕಾಲೇಜಿಗೋಸ್ಕರ ಗೋಲ್ ಹಿಡೀಬೇಕೇನಮ್ಮಾ?”

“ನೀವು ಕೆಲಸಕ್ಕೋಸ್ಕರ ಆಡ್ಲಿಲ್ವಾ?”

ಅವರು ಕಾಲಿನ ಕಪ್ಪು ಗಂಟನ್ನು ಉಜ್ಜಿಕೊಂಡರು. ಬಡಾಯಿಯಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೊಂದೇ ಸಲ.

“ಆಡ್ದೆ. ಅದಕ್ಕೇ ಹೇಳ್ತಿದೀನಿ.”

ವಿಮಾನಗಳು ಶುರುವಾದ ಮೇಲೆ ಅವರು ಊರಿಗೆ ಹೊರಟರು. ಹೊರಡುವ ದಿನವೂ ಏರ್‌ಪೋರ್ಟಿನ ಕಾಫಿಯನ್ನು ಬೈದರು. ಹೋದ ವರ್ಷ ಬೆಂಗಳೂರಿನಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲೇ ಇಲ್ಲ.

ಅದಾಗಿ ಕೆಲವು ವಾರಗಳಿಗೆ ನನಗೆ ಆ ಸಿನಿಮಾ ಇಂಗ್ಲಿಷ್ ಸಬ್‌ಟೈಟಲ್ ಸಹಿತ ಸಿಕ್ಕಿತು. ಒಬ್ಬಳೇ ಕೂತು ಪೂರ್ತಿ ನೋಡಿದೆ. ಮುದುಕ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಬೊಗಳೆ. ಕತೆಯೇ ಬೇರೆ, ನಾಯಕನೇ ಬೇರೆ. ಆ ದಪ್ಪ ಗೋಲ್‌ಕೀಪರಿಗೆ ಸಿನಿಮಾದಲ್ಲಿ ಮಾತೇ ಇಲ್ಲ! ಸತ್ತವರನ್ನು ಆಡಿಕೊಳ್ಳಬಾರದು ನಿಜ. ಆದರೂ ಮಗಳನ್ನು ಕರೆದು, “ನೋಡು ಬಾ, ನಿನ್ನ ಎದುರುಮನೆ ತಾತನ ಬಂಡವಾಳ!” ಎಂದೆ.

ಅವಳು ಒಂದೆರಡು ನಿಮಿಷ ಓದಿದಳು. ಆಮೇಲೆ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಸಬ್‌ಟೈಟಲ್ ಆಫ್ ಮಾಡಿದಳು.

“ಇದು ರಾಂಗ್ ಅಮ್ಮಾ. ಬರೆದವರಿಗೆ ಆಟ ಗೊತ್ತಿಲ್ಲ. ನಾನು ಹೇಳ್ತೀನಿ.”

ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಪರದೆಯ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ತೊದಲುತ್ತ ಮ್ಯಾನೇಜರ್ ಆದಳು, ಧಾರವಾಡದ ರೆಫರಿಯಾದಳು. ಕೊನೆಯ ಪಂದ್ಯದಲ್ಲಿ ಜನರ ಮಧ್ಯೆ ಟೋಪಿ ಹಾಕಿದ ಹೆಂಗಸೊಬ್ಬಳು ಎದ್ದು ನಿಂತು ಏನೋ ಕಿರುಚುತ್ತಾಳೆ. ಸಬ್‌ಟೈಟಲ್ಲಿನಲ್ಲಿ ಅವಳಿಗೊಂದು ಸಾಲೂ ಇರಲಿಲ್ಲ. ಅಂಕಲ್ ಅವಳಿಗೇನು ಹೇಳಿದ್ದರೋ ನನಗೆ ಗೊತ್ತಿಲ್ಲ, ಆ ಹೊತ್ತಿಗೆ ನಾನು ಒಗ್ಗರಣೆಗೆ ಎದ್ದುಹೋಗಿರುತ್ತಿದ್ದೆ.

ಮಗಳು ಅಲ್ಲಿ ಚಿತ್ರ ನಿಲ್ಲಿಸಿದಳು.

“ಇವ್ಳು ಗೋಲ್‌ಕೀಪರ್ ಅಮ್ಮ ಕಣ್ರೋ. ಇವ್ಳಿಗೆ ಆಟ ಏನೂ ಗೊತ್ತಿಲ್ಲ. ಆದ್ರೆ ಗೋಲ್ ಎಷ್ಟೇ ಹೋಗ್ಲಿ, ಎದ್ದು ಮನೆಗೆ ಹೋಗಲ್ಲ.”

ಅದು ಅವಳ ದನಿಯಲ್ಲ, ಅವರದೇ. ಆ ಬಾಯಿಬಡುಕ ಮುದುಕ ನನ್ನನ್ನೂ ಬಿಟ್ಟಿರಲಿಲ್ಲ. ಟೋಪಿಯವಳು ಬಾಯಿ ತೆರೆದು, ಕೈಯೆತ್ತಿ, ಹಾಗೇ ನಿಂತಿದ್ದಳು. ಈ ಸಲ ನಾನು ಎದ್ದುಹೋಗಲಿಲ್ಲ.

“ಮೊದಲಿಂದ ಹಾಕು,” ಎಂದೆ. “ಪೂರ್ತಿ ಹೇಳು.”